ಕಾರ್ಖಾನೆಯಲ್ಲಿ ಓದಿದ ಒಂಬತ್ತನೇ ಅಧ್ಯಾಯ

ಕಮಹುವಾನಿ, ಕ್ಯೂಬಾ
14 ಮಾರ್ಚ್ 2023, ಮಂಗಳವಾರ

ಮುದ್ದಿನ ಯಾನೆಲಿಸ್‌ಗೆ,

ಹೇಗಿದ್ದೀಯ ಮಗಳೇ? ಮ್ಯಾಡ್ರಿಡ್‌ನ ಚಳಿ ಇಳಿಯಿತೇ? ಎದೆ ಬೆಚ್ಚಗೆ ಇಟ್ಟುಕೋ. ಬರೆಯಲು ಕೂತರೆ ನಿನಗೆ ಊಟದ ನೆನಪೂ ಇರುವುದಿಲ್ಲ. ನನಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ. ನಿನ್ನಪ್ಪ ಕಾಫಿಗೆ ಸಕ್ಕರೆ ಸಾಲದೆಂದು ನನ್ನ ಮೇಲೆ ರೇಗುತ್ತಾರೆ, ಊರಿನ ಸಕ್ಕರೆಯನ್ನೆಲ್ಲ ಬಚ್ಚಿಟ್ಟವಳು ನಾನೇ ಎಂಬಂತೆ.

ಇಲ್ಲಿಯ ಸುದ್ದಿಯೆಂದರೆ ನಿನ್ನದೇ ಸುದ್ದಿ. ನಾವು ಸಿಗಾರ್ ಸುತ್ತುವಾಗ ನಮಗೆ ಪುಸ್ತಕ ಓದಿ ಹೇಳುವ ಎಮೆಲಿನಾ, ಮುಂದೆ ಯಾವುದನ್ನು ಓದಲಿ ಎಂದು ಮತ ಕೇಳಿದಾಗ ಇಡೀ ಕಾರ್ಖಾನೆ ನಿನ್ನ ಕಾದಂಬರಿಗೇ ಕೈ ಎತ್ತಿತು. ಪಕ್ಕದ ಮೇಜಿನ ಕಾಚಿತಾ, "ನೀನು ಎಲೆ ಸುತ್ತಿದ್ದೇ ಬಂತು ನೋಡು, ಮಗಳು ಕೂತಲ್ಲೇ ರಾಣಿ ಆಗ್ಬಿಟ್ಲು" ಎಂದು ಕಿಚಾಯಿಸಿದಳು. ನಾನು ಉಬ್ಬಿಹೋದೆ. ನಿನ್ನ ಕವಿತೆಗಳಿಗೆ ಬಹುಮಾನ ಬಂದಾಗ ಒಂದು ಸಾಲೂ ತಲೆಗೆ ಹತ್ತದೆ ಸುಮ್ಮನೆ ತಲೆಯಾಡಿಸಿದ್ದೆ. ಕಾದಂಬರಿ ಹಾಗಲ್ಲ, ಎಲ್ಲವೂ ಅರ್ಥವಾಯಿತು. ಆ ಮನೆ ನಮ್ಮದೇ, ಗೊಣಗುವ ಆ ಅಪ್ಪ ನಮ್ಮವರೇ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ದಿನದ ಓದು ಮುಗಿದಾಗ ಎಲೆ ಕತ್ತರಿಸುವ ಚಾಕುಗಳನ್ನು ಹಲಗೆಗೆ ಬಡಿದು ನಿನ್ನನ್ನು ಮೆಚ್ಚಿಕೊಂಡರು.

ನಿನ್ನೆ ಒಂಬತ್ತನೇ ಅಧ್ಯಾಯ ಬಂತು. ಅದರಲ್ಲಿ ಕತೆ ಹೇಳುವವಳ ತಮ್ಮ ಒಂದು ದೋಣಿ ಹತ್ತಿ ಹೋಗುತ್ತಾನೆ, ಸಮುದ್ರದಲ್ಲಿ ಮುಳುಗುತ್ತಾನೆ. ಯಾರೂ ಚಾಕು ಬಡಿಯಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು. ನಿನ್ನ ತಮ್ಮ ಯೋಸ್ವೆಲ್ ದೋಣಿ ಹತ್ತಿ ಎರಡು ವರ್ಷವಾಯಿತು, ಒಂದು ಸುದ್ದಿಯೂ ಇಲ್ಲ. ಅಮೆರಿಕದ ಟ್ಯಾಂಪಾದಲ್ಲಿ ಗ್ಯಾರೇಜು ಸೇರಿದ್ದಾನೆ, ಫೋನು ಮಾಡಲು ಪುರುಸೊತ್ತಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು. ಓದು ನಿಲ್ಲಿಸು ಎನ್ನೋಣವೆಂದರೆ, ಮತ ಹಾಕಿದವಳು ನಾನೂ ಅಲ್ಲವೇ? ಕಾಚಿತಾ ನನ್ನ ಕೈ ಹಿಡಿದು, "ಬರೆದೋಳು ನಿನ್ ಮಗಳೇ ಅಲ್ವೇನೇ? ಒಂದ್ ಮಾತು ಹೇಳು, ಮುಂದೆ ಆ ಹುಡುಗ ಹೇಗೋ ಈಜಿ ದಡ ಸೇರ್ಲಿ" ಎಂದಳು. ಅಚ್ಚಾದ ಪುಸ್ತಕ ಕಣೇ, ನಾನು ಯಾರಿಗೆ ಏನು ಹೇಳಲಿ? ನಿನ್ನಪ್ಪನಿಗೆ ಇನ್ನೂ ತಿಳಿಸಿಲ್ಲ. ಕತೆ ಬರೆಯುವವರು ಒಬ್ಬರನ್ನು ಸಾಯಿಸುವುದು, ಒಬ್ಬರನ್ನು ಬದುಕಿಸುವುದು ಇದ್ದದ್ದೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೇನೆ.

ಕೋಬ್ರೆಯ ಮೇರಿ ಮಾತೆ ನಿನ್ನನ್ನು ಕಾಯಲಿ. ಏನೇ ಆದರೂ ಬರೆಯುವುದನ್ನು ಬಿಡಬೇಡ.

ನಿನ್ನ ಅಮ್ಮ,
ನೆರೆಯ್ಡಾ

ತಾ.ಕ.: ಕಾಗದ ಒಯ್ಯುವವರು ಬಾಗಿಲಲ್ಲೇ ನಿಂತಿದ್ದಾರೆ, ಒಂದೇ ಮಾತು. ಮುಳುಗಿದ ಹುಡುಗನ ಕಾಲರಿನೊಳಗೆ ಅವನಮ್ಮನ ಒಂಟಿ ಕಿವಿಯೋಲೆ ಹೊಲಿದಿತ್ತು ಎಂದು ಬರೆದಿದ್ದೀಯ. ಹೊರಡುವಾಗ ಯೋಸ್ವೆಲ್‌ನ ಕಾಲರಿಗೆ ನನ್ನ ಓಲೆ ಹೊಲಿದದ್ದು ಅವನಿಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ನಿನ್ನಪ್ಪನಿಗೂ ಗೊತ್ತಿಲ್ಲ. ನೀನಾಗ ಮ್ಯಾಡ್ರಿಡ್‌ನಲ್ಲಿದ್ದೆ. ಯಾನೆಲಿಸ್, ನಿನಗೆ ಹೇಳಿದ್ದು ಅವನೋ, ಅವನ ಮೈಮೇಲಿನ ಅಂಗಿ ಬಿಚ್ಚಿದವರೋ?