ರಿಜಿಸ್ಟರಿನಲ್ಲಿ ಮಗಳ ಸಹಿ

ಯಾದಗಿರಿ
18 ಅಕ್ಟೋಬರ್ 1953

ಪ್ರೀತಿಯ ಮಾಳಮ್ಮನಿಗೆ,

ಹೈದರಾಬಾದಿನ ಹಾಸ್ಟೆಲಿನ ಊಟ ಈಗಲಾದರೂ ಒಗ್ಗಿರಬಹುದು. ನಿನ್ನ ಮೂರು ಪತ್ರಗಳೂ ಕೈಸೇರಿವೆ. ತಡಕ್ಕೆ ಕೆಲಸದ ನೆಪ ಹೇಳಬೇಕೆಂದಿದ್ದೆ, ಆದರೆ ಕೆಲಸವೇನೂ ಇರಲಿಲ್ಲ. ಕಾಗದ ತೆಗೆದಾಗಲೆಲ್ಲ ನಿನ್ನ ಒಂದೇ ಪ್ರಶ್ನೆಗೆ ಹೆದರಿ ಮಡಿಸಿಟ್ಟೆ: "ಟೆನಿಸ್ ಚಾಂಪಿಯನ್‌ಶಿಪ್ಪಿನಿಂದ ನನ್ನ ಹೆಸರು ಯಾಕೆ ಹೊಡೆದುಹಾಕಿದರು?"

ನನಗೆ ತಿಳಿದು ಇಪ್ಪತ್ತು ದಿನವಾಯಿತು. ತಹಸೀಲ್ದಾರರ ಹೆಂಡತಿ ಸರ್ವರಬೇಗಂ ಸೀತಾಫಲದ ಬುಟ್ಟಿ ಹಿಡಿದು ಮನೆಗೆ ಬಂದಿದ್ದರು. "ಬಾಯಿ, ನಿಮ್ಮ ಹುಡುಗಿ ಸಲುವಾಗಿ ನಾನ ಹೈದರಾಬಾದಿನ ಟೆನಿಸ್ ಸಂಘಕ್ಕ ಸಿಫಾರಸು ಬರದೇನಿ. ಮೇ ತಿಂಗಳು ಪೂರಾ ಕ್ಲಬ್ಬಿನ್ಯಾಗ ಪಗಾರದ ಮ್ಯಾಲಿ ನಮಗ ಕಲಿಸ್ಯಾಳ, ಅವರವ್ವಗಿಂತ ಚಲೋ ಕಲಿಸ್ಯಾಳ ಅಂತ. ಸಿಟ್ಟಾಗಬ್ಯಾಡ್ರಿ ಮತ್ತ" ಎಂದು ನಕ್ಕರು. ನಾನೂ ನಕ್ಕು ಚಹಾ ಕೊಟ್ಟೆ. ಪಗಾರ ಎಂದು ಬರೆದದ್ದೇ ನಿನಗೆ ಮುಳುವಾಯಿತೆಂದು ಅವರಿಗೆ ಹೇಳಲಾಗಲಿಲ್ಲ. ನೀನೂ ಅವರ ಮೇಲೆ ಕೋಪಿಸಿಕೊಳ್ಳಬೇಡ.

ಆಡಿದ್ದಕ್ಕಾಗಲಿ ಕಲಿಸಿದ್ದಕ್ಕಾಗಲಿ ಒಮ್ಮೆ ಸಂಬಳ ಪಡೆದವರನ್ನು ಯಾವ ಪಂದ್ಯಕ್ಕೂ ಸೇರಿಸುವುದಿಲ್ಲ. ಅದು ಕಾಯಿದೆ. ಸುರಪುರದಿಂದ ಹೈದರಾಬಾದಿಗೆ ಹೋದ ನನ್ನಪ್ಪ, ನಿನ್ನ ಅಜ್ಜ ಹುಲಗಪ್ಪ, ಅಲ್ಲಿಯ ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದರು, ಅಂದರೆ ಸದಸ್ಯರ ಎದುರು ಸಂಬಳಕ್ಕೆ ಆಡುವವರು. ಒಬ್ಬ ಮೇಮಸಾಹೇಬರು ನನ್ನನ್ನು ಕಾನ್ವೆಂಟಿಗೆ ಸೇರಿಸಿದರು. ಹದಿನೇಳು ತುಂಬಿದಾಗ ಕ್ಲಬ್ಬಿನ ಹೆಂಗಸರ ಜೊತೆ ಆಡಲು ಸಂಬಳಕ್ಕೆ ಇಟ್ಟುಕೊಂಡವರೂ ಅವರೇ. ಅಂದು ನನ್ನ ಆಟ ಶುರುವಾಯಿತೋ ಮುಗಿಯಿತೋ ಇಂದಿಗೂ ತಿಳಿಯದು. ಬೆಳಗ್ಗೆ ನನಗೆ ಸೋತವರು ಸಂಜೆ ಕಪ್ ಗೆದ್ದು ತಂದು ನನಗೇ ತೋರಿಸುತ್ತಿದ್ದರು. ಆಮೇಲೆ ಶಹಾಪುರದ ಜಾಗೀರದಾರರ ಹವೇಲಿಯಲ್ಲಿ, ಸುತ್ತ ಪರದೆ ಕಟ್ಟಿದ ಅಂಗಳದಲ್ಲಿ, ಬೇಗಮರಿಗೆ ಹನ್ನೊಂದು ವರ್ಷ ಕಲಿಸಿದೆ. ಜಾಗೀರು ಹೋದ ಮೇಲೆ ಅಲ್ಲಿ ಹತ್ತಿ ಒಟ್ಟುತ್ತಾರೆ. ನಿನ್ನ ತಂದೆ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ಸಾಕಿದ್ದು ಯಾದಗಿರಿಯ ಈ ಕ್ಲಬ್ಬು.

ಮೇ ತಿಂಗಳಲ್ಲಿ ನನಗೆ ಜ್ವರ ಬಂತು. ರಜೆಗೆ ಬಂದಿದ್ದ ನೀನು ನನ್ನ ಬದಲು ಕ್ಲಬ್ಬಿನಲ್ಲಿ ಕಲಿಸಲು ಹೋದೆ. ನಿಜಾಮರ ಕಾಲದಲ್ಲಿ ಮನೆಯವರು ಯಾರು ಹೋಗಿ ನಿಂತರೂ ಸಂಬಳದ ರಿಜಿಸ್ಟರಿನಲ್ಲಿ ಹೆಸರು ಒಂದೇ ಇರುತ್ತಿತ್ತು. ಈಗ ಹಾಗಲ್ಲ. ತಿಂಗಳ ಕೊನೆಗೆ ಗುಮಾಸ್ತ ಜಮಾಲಸಾಬ ನಿನ್ನನ್ನು ನಿಲ್ಲಿಸಿ, "ಯಾರು ಕೆಲಸ ಮಾಡ್ಯಾರೋ ಅವರದ ಸಹಿ ಬೇಕವ್ವಾ. ಇಲ್ಲಾಂದ್ರ ಆಡಿಟಿನವ್ರು ನನ್ನ ನೌಕರಿ ತಿಂತಾರ" ಎಂದನಂತೆ. ನೀನು ಇಂಗ್ಲಿಷಿನಲ್ಲಿ ಸಹಿ ಹಾಕಿ ಬಂದು ನನಗೆ ಹೇಳಿದೆ. ನಾನು ಹೂಂ ಎಂದೆ.

ಸರ್ವರಬೇಗಂ ಬಂದುಹೋದ ಮರುದಿನ ಜಮಾಲಸಾಬನ ಬಳಿ ಹೋಗಿ ಆ ಸಾಲು ತಿದ್ದಲು ಕೇಳಿದೆ. "ನನಗ ಐದ ಮಕ್ಕಳ ಅದಾವ್ರಿ ಬಾಯಿ. ಕಾನ್ವೆಂಟಿನ್ಯಾಗ ಓದಿದವ್ರು, ನೀವ ಇಂಥದು ಕೇಳತೀರೇನ್ರಿ?" ಎಂದ. ತಲೆ ತಗ್ಗಿಸಿ ಬಂದೆ. ತಪ್ಪು ನನ್ನದೆಂದು ಟೆನಿಸ್ ಸಂಘಕ್ಕೂ ಬರೆದೆ. ನಿನ್ನೆ ಎರಡು ಸಾಲಿನ ಉತ್ತರ ಬಂತು: ಈ ವರ್ಷವೂ ಇಲ್ಲ, ಮುಂದೆ ಯಾವ ವರ್ಷವೂ ಇಲ್ಲ.

ಆಟ ಬಿಡಬೇಡ ಎನ್ನಲು ನನಗೆ ಬಾಯಿಲ್ಲ. ಬಿಡು ಎನ್ನಲು ಮೊದಲೇ ಇಲ್ಲ. ಓದು ಮುಗಿಸು. ಆರೋಗ್ಯವಾಗಿರು. ನನ್ನ ಬಾಳಿನ ಯಾವ ಗುರುತೂ ನಿನ್ನ ಬಾಳಿಗೆ ಹತ್ತದಿರಲಿ ಎಂಬುದೇ ನನ್ನ ಆಶೀರ್ವಾದ.

ನಿನ್ನ ಅವ್ವ,
ಮಲ್ಲಾಬಾಯಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಜ್ವರ ನಾಲ್ಕೇ ದಿನಕ್ಕೆ ಇಳಿದಿತ್ತು. ಅದಕ್ಕೆ ಮುಂಚೆ ಏಪ್ರಿಲ್ ಕೊನೆಗೆ, ಸುರಪುರದ ಹಳೆಯ ಟೆನಿಸ್ ಕೋರ್ಟಿನಲ್ಲಿ ನೀನು ನನಗೆ ಒಂದು ಗೇಮನ್ನೂ ಬಿಟ್ಟುಕೊಡದೆ ಗೆದ್ದೆ. ನೀನೇ ನನಗೆ ನೀರಿನ ತಂಬಿಗೆ ಕೊಟ್ಟು, "ದಣಿದೇನವ್ವಾ? ಇನ್ನ ನೀ ಕುಂತು ನೋಡು, ನಾ ಆಡತೀನಿ" ಎಂದೆ. ನೀನು ಪ್ರೀತಿಯಿಂದಲೇ ಅಂದದ್ದು. ನನ್ನಿಂದ ಅದನ್ನು ತಡೆದುಕೊಳ್ಳಲಾಗಲಿಲ್ಲ. ಉಳಿದ ದಿನಗಳೆಲ್ಲ ಗುಣವಾಗಿದ್ದೂ ಹೊದ್ದು ಮಲಗಿ ನಿನ್ನನ್ನು ಕ್ಲಬ್ಬಿಗೆ ಕಳಿಸಿದೆ. ಕಾಯಿದೆ ಮರೆತಿತ್ತೆಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ.