ದಾಸ್ತಾನು ನನ್ನ ಜರ್ಕಿನ್ನು, ನಾನಲ್ಲ

ಮಾನ್ಯ ದಾಸ್ತಾನು ಅಧಿಕಾರಿಗಳೇ,

ಟವೆಲ್ಲು, ಹೊದಿಕೆ, ದಿಂಬಿನ ಚೀಲಗಳ ಜೊತೆಗೆ ನೀವು ನನ್ನನ್ನೂ ಎಣಿಸಿಕೊಂಡಿದ್ದೀರಿ ಎಂಬುದು ನನ್ನ ದೂರು. ಬರೀ ಎಣಿಸಿದ್ದರೆ ಸುಮ್ಮನಿರುತ್ತಿದ್ದೆನೇನೋ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಮದುವೆಯಾಗಲು ಹೊರಟಿರುವ ಸುದ್ದಿಯನ್ನು, ಹೆತ್ತ ಮಗಳಿಗೆ ನಾನು ಹೇಳುವ ಮೊದಲೇ, ಊಟದ ಕೋಣೆಯ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿಬಿಟ್ಟಿರಿ. ಆಮೇಲೆ ಲಿಖಿತ ವಿವರಣೆ ಕೊಡಿ ಎಂದಿರಿ. ಎಲ್ಲರೆದುರು ಕೇಳಿದ ಪ್ರಶ್ನೆಗೆ ಎಲ್ಲರೆದುರೇ ಉತ್ತರ ಕೊಡುವುದು ಮರ್ಯಾದೆಯಲ್ಲವೇ? ಹಾಗಾಗಿ ಪತ್ರಿಕೆಗೆ ಬರೆಯುತ್ತಿದ್ದೇನೆ. ತಮಿಳು ಪ್ರತಿ ನಿಮ್ಮ ಮೇಜಿನ ಮೇಲಿದೆ. ಆದರೆ ನಾನು ಗುಂಡ್ಲುಪೇಟೆಯ ಮೇಷ್ಟರ ಮಗಳು, ಜಗಳವಾಡಲು ನನಗೆ ಕನ್ನಡವೇ ಆಗಬೇಕು.

ಓದುವವರಿಗೆ ತಿಳಿಯಲಿ: ನಾನು ತಮಿಳುನಾಡಿನ ಮಸಿನಗುಡಿಯ ಒಂದು ರೆಸಾರ್ಟಿನಲ್ಲಿ ಬಟ್ಟೆ ಉಗ್ರಾಣ ನೋಡಿಕೊಳ್ಳುವವಳು. ಕಳೆದ ವರ್ಷ ಈ ಅಧಿಕಾರಿಗಳು ಬಂದು ಪ್ರತಿ ಟವೆಲ್ಲಿನ ಅಂಚಿಗೂ ಬೆರಳುದ್ದದ ಒಂದು ಪಟ್ಟಿ ಹೊಲಿಸಿದರು. ಅದರ ಹೆಸರು ಆರ್‌ಎಫ್‌ಐಡಿ ಟ್ಯಾಗ್. ಬಾಗಿಲುಗಳ ಮೇಲೆ ಡಬ್ಬಿಯಂಥ ರೀಡರ್‌ಗಳನ್ನು ಕೂರಿಸಿದರು. ಟ್ಯಾಗ್ ಇರುವ ಬಟ್ಟೆ ಬಾಗಿಲು ದಾಟಿದರೆ ಆ ಡಬ್ಬಿ ರೇಡಿಯೋ ಅಲೆಯಲ್ಲಿ ಗುರುತು ಹಿಡಿದು ಕಂಪ್ಯೂಟರಿಗೆ ಹೇಳುತ್ತದೆ. ಸುಳ್ಳೇಕೆ, ಆಗ ಮೊದಲು ಚಪ್ಪಾಳೆ ತಟ್ಟಿದವಳು ನಾನೇ. ಅತಿಥಿಗಳ ಸೂಟ್‌ಕೇಸಿನಲ್ಲಿ ಪ್ರವಾಸ ಹೊರಡುತ್ತಿದ್ದ ಟವೆಲ್ಲುಗಳಿಗೆಲ್ಲ ಅಲ್ಲಿಯವರೆಗೆ ನಾನೊಬ್ಬಳೇ ಬೈಗುಳ ತಿನ್ನುತ್ತಿದ್ದೆ.

ಚಳಿ ಶುರುವಾದಾಗ ತಾವು ದಯಾಮಯರಾಗಿ ಸಿಬ್ಬಂದಿಗೆಲ್ಲ ಹಸಿರು ಜರ್ಕಿನ್ ಹಂಚಿದಿರಿ. ಎಂಥ ಬೆಚ್ಚನೆಯ ಜರ್ಕಿನ್! ಕೊರಳಪಟ್ಟಿಯ ಒಳಗೆ ಅದೇ ಪಟ್ಟಿಯನ್ನು ಹೊಲಿದಿದ್ದೀರೆಂದು ಮಾತ್ರ ಯಾರಿಗೂ ಹೇಳಲಿಲ್ಲ. ಜರ್ಕಿನ್ ಕಳುವಾಗಬಾರದು, ಒಪ್ಪಿದೆ. ಆದರೆ ಟವೆಲ್ಲು ತಾನಾಗಿ ನಡೆಯುವುದಿಲ್ಲ, ಜರ್ಕಿನ್ನಿನೊಳಗೆ ಮನುಷ್ಯರಿರುತ್ತಾರೆ. ಜರ್ಕಿನ್ ಎಲ್ಲಿದೆ ಎಂದು ಬರೆದುಕೊಂಡರೆ ಮನುಷ್ಯ ಎಲ್ಲಿದ್ದಾನೆ ಎಂದೂ ಬರೆದುಕೊಂಡಂತೆ ಆಗುವುದಿಲ್ಲವೇ? ಇಷ್ಟು ಸಣ್ಣ ವಿಷಯ ಅಷ್ಟು ದೊಡ್ಡ ಕಂಪ್ಯೂಟರಿಗೆ ಹೊಳೆಯಲಿಲ್ಲವೋ, ಅಥವಾ ಹೊಳೆದೇ ಹೊಲಿಸಿದಿರೋ?

ಇನ್ನು ಗುರುಮಲ್ಲಪ್ಪನವರ ವಿಷಯ. ನಮ್ಮಲ್ಲಿ ಜೀಪು ಓಡಿಸುತ್ತಾರೆ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದೆ, ನನ್ನ ಯಜಮಾನರೂ ಹಾಗೆಯೇ. ಬೆಳಗಿನ ಸವಾರಿಗೆ ಬೇಕಾದ ಕಂಬಳಿ ಕೊಂಡೊಯ್ಯಲು ಮೊದಲು ಬಂದರು. ಮಾರನೆಯ ದಿನವೂ ಬಂದರು. ಆಮೇಲೆ ಮಧ್ಯಾಹ್ನ ಊಟವಾದ ಮೇಲೂ ಬರತೊಡಗಿದರು. ನಾನು ಬೆಡ್‌ಶೀಟ್ ಮಡಿಸುವಾಗ ಇನ್ನೊಂದು ತುದಿ ಹಿಡಿದುಕೊಳ್ಳುತ್ತಿದ್ದರು. ಆ ಮನುಷ್ಯನಿಗೆ ಮಡಿಸಲು ಬರುವುದಿಲ್ಲ, ನಗಿಸಲು ಬರುತ್ತದೆ. ದಾರಿಗೆ ಅಡ್ಡ ನಿಂತ ಸಲಗಕ್ಕೆ ಹೆದರಿದ ಅತಿಥಿಯೊಬ್ಬರು ಸೀಟಿನ ಕೆಳಗೆ ಕೂತು, ಆನೆಗೆ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದ ಕಥೆ ಹೇಳಿದ ದಿನ ನಾನು ನಕ್ಕು ನಕ್ಕು ಮಡಿಸಿಟ್ಟ ಬೆಡ್‌ಶೀಟುಗಳ ಮೇಲೇ ಕೂತುಬಿಟ್ಟೆ. ಹೀಗೆ ನಗುತ್ತಿದ್ದಾಗಲೇ ಒಂದು ದಿನ ಅವರು, “ಲಿಂಗಾಜವ್ವ, ಹಿಂಗೇ ಇದ್ಬುಡವಾ ಕನವ್ವ, ಒಂದೇ ಮನೇಲಿ?” ಎಂದರು. ನಾನು ಹೂಂ ಎಂದೆ. ಭಾನುವಾರ ಪಂದಲೂರಿಗೆ ಹೋಗಿ, ಅಲ್ಲಿನ ಟೀ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನನ್ನ ಮಗಳು ರೂಪಶ್ರೀಗೆ ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ಯಾರಿಗೂ ಬೇಡ ಎಂದು ಮಾತಾಡಿಕೊಂಡೆವು.

ಅದೇ ವಾರದ ಗುರುವಾರ ತಮ್ಮ ಮಾಸಿಕ ಸಭೆ! ಗೋಡೆಯ ಮೇಲೆ ರೆಸಾರ್ಟಿನ ನಕ್ಷೆ ಬಂತು, ಅದರ ಮೇಲೆ ನಮ್ಮೆಲ್ಲರ ಹೆಸರಿನ ಚುಕ್ಕೆಗಳು. ಮೊದಲು ಅಡುಗೆಮನೆಯ ತೇನ್ಮೊಳಿಯನ್ನು ಎಬ್ಬಿಸಿ, ಶೌಚಾಲಯದ ಕಡೆ ಅಷ್ಟು ಸಲ ಏಕೆ ಹೋಗುತ್ತೀರಿ ಎಂದು ಕೇಳಿದಿರಿ. ಸಕ್ಕರೆ ಕಾಯಿಲೆಯೆಂದು ಅವಳು ಗಂಡಸರ ಮುಂದೆ ತಲೆ ತಗ್ಗಿಸಿ ಹೇಳಬೇಕಾಯಿತು. ಯಾರೂ ನಗಲಿಲ್ಲ. ಅದು ತಮ್ಮ ಗಮನಕ್ಕೆ ಬರಲಿಲ್ಲ, ನಗದವರನ್ನು ಎಣಿಸುವ ಯಂತ್ರ ಇನ್ನೂ ಬಂದಿಲ್ಲವಲ್ಲ.

ಆಮೇಲೆ ನಮ್ಮ ಎರಡು ಚುಕ್ಕೆಗಳು. “ಈ ಎರಡು ಜರ್ಕಿನ್ ಪ್ರತಿ ಮಧ್ಯಾಹ್ನ ಉಗ್ರಾಣದಲ್ಲಿ ಒಟ್ಟಿಗಿರುತ್ತವೆ. ಚಾಲಕರಿಗೆ ಅಲ್ಲಿ ಆ ಹೊತ್ತಿನಲ್ಲಿ ಏನು ಕೆಲಸ? ಕಂಬಳಿ ಹೊರಗೆ ಹೋಗುತ್ತಿದೆಯೇ?” ಎಂದಿರಿ. ಕಳ್ಳಿ ಎನ್ನಿಸಿಕೊಳ್ಳುವುದೋ, ನಿಜ ಹೇಳುವುದೋ ಎಂದು ನಾನು ತಡಬಡಿಸುವಷ್ಟರಲ್ಲಿ ಗುರುಮಲ್ಲಪ್ಪನವರು ಟೋಪಿ ತೆಗೆದು ಎದ್ದು ನಿಂತರು.

“ಕಂಬ್ಳಿ ಒಂದೂ ಎಲ್ಗೂ ಹೋಗಿಲ್ಲ ಸಾರ್, ಬೇಕಾರೆ ಎಣಿಸ್ಕಳಿ. ನಾನು ಹೋಗ್ತಿದ್ದುದ್ದು ಕಂಬ್ಳಿಗಲ್ಲ.”

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಆಮೇಲೆ ತೇನ್ಮೊಳಿ “ಅಯ್ಯಯ್ಯೋ ಅಕ್ಕಾ, ನೆಜವಾ?” ಎಂದು ಕಿರುಚಿದಳು. ಬೆಂಚುಗಳು ಉರುಳಿದವು, ಯಾರೋ ಶಿಳ್ಳೆ ಹಾಕಿದರು, ಯಾರೋ ಗೋಡೆಯ ಮೇಲಿನ ಚುಕ್ಕೆಗಳ ಫೋಟೊ ತೆಗೆದರು. ತಾವು ಮಾತ್ರ ಏನೂ ಅರ್ಥವಾಗದೆ, “ಹಾಗಾದರೆ ಯಾವುದಕ್ಕೆ?” ಎಂದು ಕೇಳಿದಿರಿ. ಅಷ್ಟು ಸಿಟ್ಟಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಆದರೆ ಆ ಫೋಟೊ ನನಗಿಂತ ಮೊದಲು ಪಂದಲೂರು ಮುಟ್ಟಿತು. ರೂಪಶ್ರೀ ಫೋನ್ ಮಾಡಿದಳು. “ಫ್ಯಾಕ್ಟ್ರೀಲಿ ಎಲ್ರೂ ಬಂದು ಬಂದು ನಂಗೇ ಹೇಳ್ತಾವ್ರೆ. ನೀನೊಬ್ಳು ಹೇಳ್ನಿಲ್ಲ, ಅಲ್ವಾ ಅವ್ವ?” ಎಂದು ಇಟ್ಟುಬಿಟ್ಟಳು. ಅವಳ ಅಪ್ಪ ಸತ್ತ ಮೇಲೆ ನಾವಿಬ್ಬರೇ ಒಬ್ಬರಿಗೊಬ್ಬರು ಇದ್ದವರು. ಅವಳಿಂದ ಮುಚ್ಚಿಟ್ಟ ವಿಷಯ ನನ್ನ ಬದುಕಿನಲ್ಲಿ ಇರಲಿಲ್ಲ. ಭಾನುವಾರ ಹೊರಟು, ಗೂಡಲೂರಿನಲ್ಲಿ ಬಸ್ಸು ಬದಲಿಸಿ ಪಂದಲೂರು ತಲುಪುವವರೆಗೂ ಏನು ಹೇಳಲೆಂದು ಜೋಡಿಸಿಕೊಳ್ಳುತ್ತಲೇ ಇದ್ದೆ. ಬಾಗಿಲು ತೆಗೆದವಳು ನೇರ ಒಲೆಯ ಕಡೆ ಹೋದಳು. ಟೀ ಕೊಟ್ಟಳು. ಸಕ್ಕರೆ ಹಾಕಿರಲಿಲ್ಲ, ನಾನೂ ಕೇಳಲಿಲ್ಲ. ಲೋಟ ಖಾಲಿಯಾದ ಮೇಲೆ, ಕಿಟಕಿಯ ಆಚೆ ನೋಡುತ್ತಾ, “ಅವ್ರಿಗೆ ಅಡ್ಗೆ ಬತ್ತದಾ?” ಎಂದಳು.

“ಮುದ್ದೆ ತಿರುವ್ತಾರೆ. ಗಂಟು ಗಂಟಾಯ್ತದೆ,” ಎಂದೆ.

ಅವಳು ನಕ್ಕಳು. ನಗುತ್ತಲೇ ಅತ್ತಳು. ನಾನೂ ಅತ್ತೆ. ಅಲ್ಲಿಗೆ ನಮ್ಮ ಜಗಳ ಮುಗಿಯಿತು. ಆದರೆ ಸಾರ್, ನಾನು ಹೇಳಿ, ಅವಳ ಕಣ್ಣು ಮೊದಲ ಸಲ ಅರಳುವುದನ್ನು ನೋಡಬೇಕಿತ್ತಲ್ಲ, ಆ ಒಂದು ಗಳಿಗೆಯನ್ನು ತಮ್ಮ ಯಾವ ಉಗ್ರಾಣದಿಂದ ತಂದುಕೊಡುತ್ತೀರಿ?

ನಾನು ಮರಳಿ ಬರುವಷ್ಟರಲ್ಲಿ ಸಿಬ್ಬಂದಿ ತಮ್ಮದೇ ರೀತಿಯಲ್ಲಿ ಉತ್ತರ ಕೊಡಲು ಶುರುಮಾಡಿದ್ದರು. ಅಡುಗೆಯವರ ಜರ್ಕಿನ್ ಕಾವಲುಗಾರರು ತೊಟ್ಟರು, ಕಾವಲುಗಾರರದ್ದು ಮಾಲಿಗಳು. ತೋಟ ನೋಡಿಕೊಳ್ಳುವ ಮಾದನ್ ತನ್ನದನ್ನು ಹಸುವಿನ ಬೆನ್ನಿಗೆ ಹೊದಿಸಿ ಅದನ್ನು ಹಿಂಬಾಗಿಲಲ್ಲಿ ಕಟ್ಟಿದ. ದಿನವಿಡೀ ಒಂದೇ ಕಡೆ ನಿಂತು ಮೆಲುಕು ಹಾಕಿದ ಆ ಹಸುವನ್ನು ತಾವು ಕರ್ತವ್ಯನಿಷ್ಠ ನೌಕರನೆಂದು ಮೆಚ್ಚಿ, ಮಾದನ್ ಹೆಸರನ್ನು ಫಲಕದ ಮೇಲೆ ಬರೆಸಿದಿರಿ! ನಿಜ ತಿಳಿದ ಮೇಲೆ ಸುತ್ತೋಲೆ ಬಂತು: ಜರ್ಕಿನ್ ಅದಲುಬದಲು ಮಾಡಿದವರ ಮೇಲೆ ಕ್ರಮ. ಹಸುವಿನ ಮೇಲೆ ಯಾವ ಕ್ರಮವೆಂದು ಅದರಲ್ಲಿ ಇರಲಿಲ್ಲ.

ನಗು ಸಾಕು, ಈಗ ಬೇಡಿಕೆ. ಟವೆಲ್ಲಿಗೆ ಟ್ಯಾಗ್ ಇರಲಿ, ಜರ್ಕಿನ್ನಿನದನ್ನು ನಮ್ಮ ಕಣ್ಣೆದುರೇ ಬಿಚ್ಚಿಸಿ. ನಾವು ಎಲ್ಲಿ ಹೋದೆವು, ಎಷ್ಟು ಹೊತ್ತು ನಿಂತೆವು ಎಂದು ಕೂಡಿಹಾಕಿದ ದಾಖಲೆಯನ್ನೆಲ್ಲ ಅಳಿಸಿ. ಮುಂದೆ ನಮ್ಮ ಮೈಮೇಲೆ ಏನೇ ಹೊಲಿಸುವುದಿದ್ದರೂ ಮೊದಲು ಕೇಳಿ. ಬೇಡ ಎಂದರೆ ಅದನ್ನು ಉತ್ತರವೆಂದು ತಿಳಿಯಿರಿ. ತೇನ್ಮೊಳಿಯ ಬಳಿ ಅದೇ ಊಟದ ಕೋಣೆಯಲ್ಲಿ, ಅಷ್ಟೇ ಜನರ ಮುಂದೆ ಕ್ಷಮೆ ಕೇಳಿ. ನನ್ನ ಬಳಿ ಬೇಡ. ನಾನೀಗ ಯಾರ ಮೇಲೂ ಸರಿಯಾಗಿ ಮುನಿಸಿಕೊಳ್ಳಲಾರದ ಸ್ಥಿತಿಯಲ್ಲಿದ್ದೇನೆ.

ಮುಂದಿನ ಸೋಮವಾರ ಬೆಳಿಗ್ಗೆ ಲಿಂಗಾಜಮ್ಮ ಮತ್ತು ಗುರುಮಲ್ಲಪ್ಪ ಗೂಡಲೂರಿನ ನೋಂದಣಿ ಕಚೇರಿಯಲ್ಲಿ ಒಟ್ಟಿಗಿರುತ್ತಾರೆ. ಬೇಕಿದ್ದರೆ ಬರೆದುಕೊಳ್ಳಿ. ಈ ಸಲ ನಾವೇ ಹೇಳುತ್ತಿದ್ದೇವೆ.

ಇಂತಿ,
ನಾಚಿಕೊಳ್ಳಲೂ ಪುರಸೊತ್ತು ಸಿಗದ ಮದುಮಗಳು,
ಲಿಂಗಾಜಮ್ಮ
ಬಟ್ಟೆ ಉಗ್ರಾಣ, ಮಸಿನಗುಡಿ