ತೂಬು ಎತ್ತಿದ ದಿನ

ಬಂಗಾರಪೇಟೆ ತಾಲ್ಲೂಕು
೨೦ ಮಾರ್ಚ್ ೨೦೨೪

ಪ್ರೀತಿಯ ಅರುಣಕ್ಕನಿಗೆ ಕವಿತ ಮಾಡುವ ನಮಸ್ಕಾರ.

ಚೆನ್ನಾಗಿದ್ದೇವೆ ಅಂತ ಬರೆದರೆ ನೀನು ನಂಬುವುದಿಲ್ಲ. ಮಾರಿಕುಪ್ಪಂ ರೈಲಿನಲ್ಲಿ ಸೊಪ್ಪು ಮಾರುವ ಪಾಪಕ್ಕನ ಕೈಲಿ ನೀನು ಕಳಿಸಿದ ಕಾಗದ ಬಂದು ತಿಂಗಳಾಯಿತು. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನು ಮಾಡಿದರೆ ನೀನು ತೆಗೆಯುವುದಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಬರೆಯುವುದು ನಿಧಾನ.

“ಕೆರೆ ಮಾರಿಕೊಂಡವನ ಮನೆಗೆ ಇನ್ನು ಬರುವುದಿಲ್ಲ” ಅಂತ ಬರೆದಿದ್ದೀಯ. ಅಪ್ಪನಿಗೆ ಓದಲು ಬರುವುದಿಲ್ಲವಲ್ಲ, ನಾನೇ ಓದಿ ಹೇಳಿದೆ. ಅಪ್ಪ ಕೇಳಿಸಿಕೊಂಡು, “ಇನ್ನೊಂದ್ ಸಲ ಓದು” ಅಂದ. ಓದಿದೆ.

ಶ್ರೀನಿವಾಸಪ್ಪನ ಟೊಮೆಟೊ ತೋಟ ವರ್ಷಕ್ಕೆರಡು ಸಾಲು ಕೆರೆಯಂಗಳಕ್ಕೆ ಇಳಿಯುತ್ತಿದ್ದದ್ದನ್ನು ನೀನೂ ಕಂಡಿದ್ದೆ. ಮೊದಲು ಜೊಂಡು ಸುಟ್ಟ, ಆಮೇಲೆ ಜೌಗಿಗೆ ಮಣ್ಣು ಹೊಡೆಸಿದ. ಆದರೂ ನಡುವೆ ಎದೆಮಟ್ಟ ನೀರಿತ್ತು. ನೀರಿರುವ ತನಕ ಲೇಔಟು ಮಾಡುವ ಹಾಗಿರಲಿಲ್ಲ. ಜನವರಿಯಲ್ಲಿ ನಾಲ್ಕು ಜನ ರೈತರ ಜೊತೆ ಎಲೆ ಅಡಿಕೆ ಹಿಡಿದು ನಮ್ಮ ಬಾಗಿಲಿಗೆ ಬಂದ. “ಗದ್ದೆ ಒಣಗ್ತಾ ಐತೆ, ತೂಬು ಎತ್ತಪ್ಪ ವೆಂಕಟಪ್ಪ” ಅಂತ ಅಪ್ಪನಿಗೆ ಅಂದ. ಎಲೆ ಅಡಿಕೆ ತೆಗೆದುಕೊಂಡ ಮೇಲೆ ನೀರುಗಂಟಿ ಮನೆಯವರು ನೀರು ಬಿಡದೆ ಇರುವಂತಿಲ್ಲ, ತಾತನ ಕಾಲದ ಕಟ್ಟಳೆ. ಐದು ದಿನಕ್ಕೆ ಕೆರೆ ಬತ್ತಿತು. ಊರಿನವರೆಲ್ಲ ಕೆಸರಿನಲ್ಲಿ ಮೀನು ಬಾಚಿಕೊಂಡರು. ಆರನೇ ದಿನ ಸರ್ವೆಯವರು ಬಂದು ಫೋಟೊ ತೆಗೆದು, ಇಲ್ಲಿ ನೀರಿಲ್ಲ ಅಂತ ಬರೆದುಕೊಂಡು ಹೋದರು.

ಈಗ ಸೈಟಿನ ಕಲ್ಲು ನೆಟ್ಟಿದ್ದಾರೆ. ಕಾವಲಿಗೆ ಅಪ್ಪನನ್ನೇ ಇಟ್ಟಿದ್ದಾರೆ, ಕೊರಳಿಗೊಂದು ಪೀಪಿ. ಸೈಟು ನೋಡಲು ಬಂದವರ ಎದುರಿಗೆ ಶ್ರೀನಿವಾಸಪ್ಪ, “ಏನ್ಲಾ ನೀರುಗಂಟಿ, ಈವತ್ತು ಯಾರ್ ಒಲಕ್ಕೆ ನೀರು?” ಅಂತ ನಗುತ್ತಾನೆ. ಅಪ್ಪನೂ ನಗಬೇಕು. ಮೊನ್ನೆ ಉಳಿದಿರುವ ಹಸಿ ಮೂಲೆಗೆ ಪಾಪಕ್ಕ ಹೊನಗೊನೆ ಸೊಪ್ಪು ಕೀಳಲು ಬಂದಾಗ ಅಪ್ಪ ಪೀಪಿ ಊದಬೇಕಾಯಿತು. “ಥೂ, ಕೆರೆ ಕುಡಿದೋನೇ! ಊದ್ಲಾ, ಊದು. ನಿನ್ ಎಣಕ್ಕೆ ಉಯ್ಯಾಕೂ ನೀರ್ ಸಿಗಲ್ಲ ಕಣ್ಲಾ” ಅಂದಳು. ಅಪ್ಪ ಊದುತ್ತಲೇ ಇದ್ದ.

ಯುಗಾದಿಗೆ ಬಾ ಅಕ್ಕ. ಅಪ್ಪ ಊಟ ಸರಿಯಾಗಿ ಮಾಡುತ್ತಿಲ್ಲ. ಭಾವನಿಗೆ ನಮಸ್ಕಾರ. ದೇವರು ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಕವಿತ

ಇದನ್ನು ನೀನೊಬ್ಬಳೇ ಓದು: ಅಪ್ಪ ಆವತ್ತು ಎಲೆ ಅಡಿಕೆ ಮುಟ್ಟಲಿಲ್ಲ. “ಗದ್ದೆ ಒಣಗಿಲ್ಲ, ನಾನ್ ನೋಡ್ಕೊಂಡ್ ಬಂದಿವ್ನಿ” ಅಂದು ಒಳಗೆ ಹೋದ. ಶ್ರೀನಿವಾಸಪ್ಪ ನನ್ನ ಕಡೆ ತಿರುಗಿ, “ನೀನೂ ನೀರುಗಂಟಿ ಮಗಳೇ ಅಲ್ವೇನಮ್ಮ?” ಅಂದ. ನನ್ನನ್ನು ಮೇಲ್ಜಾತಿಯ ಆ ಬೀದಿಯವರು ಯಾರೂ ಅದುವರೆಗೆ ಅಮ್ಮ ಅಂದಿರಲಿಲ್ಲ. ನಾನು ಕೈ ಚಾಚಿದೆ. ತೂಬು ಎತ್ತಿದವಳು ನಾನು. ಅಪ್ಪ ಊರಿಗೆಲ್ಲ ತಾನೇ ಎತ್ತಿದ್ದು ಅಂದ, ನಾನು ಸುಮ್ಮನಿದ್ದೆ. ಬಂದಾಗ ಅಪ್ಪನ ಜೊತೆ ಮಾತಾಡು. ಊರಿನವರಿಗೆ ಮಾತ್ರ ನಿಜ ಹೇಳಬೇಡ ಅಕ್ಕ, ಅಪ್ಪನಿಗೆ ಹೇಗೂ ಅಭ್ಯಾಸವಾಗಿದೆ.